ಒಂದೇ ಗುಟುಕು ಹಾಲು: ‘ಕಾಂತಾಪುರ’ದ ಸತ್ಯಾಗ್ರಹಿ ನಿಂತ ಜಾಗ

ರಾಜಾರಾಯರ ‘ಕಾಂತಾಪುರ’ಕ್ಕೆ ಸಿಕ್ಕಿರುವ ಕೀರ್ತಿ ದೊಡ್ಡದು. ಆದರೆ ಅದು ಸಿಕ್ಕಿರುವುದು ತಪ್ಪು ಕಾರಣಕ್ಕೆ ಎಂಬುದು ನನ್ನ ತಕರಾರು. 1938ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಈ ಕಾದಂಬರಿಯನ್ನು ನಮ್ಮ ಇಂಗ್ಲಿಷ್ ವಿಭಾಗಗಳು ದಶಕಗಳಿಂದ ಪಾಠ ಮಾಡುತ್ತ ಬಂದಿವೆ. ಪಾಠದ ಹೆಚ್ಚಿನ ಭಾಗ ಅದರ ಪುಟ್ಟ ಮುನ್ನುಡಿಯ ಸುತ್ತಲೇ ಮುಗಿದುಹೋಗುತ್ತದೆ. ಪರಭಾಷೆಯಲ್ಲಿ ನಮ್ಮ ಮಾತಿನ ಓಟವನ್ನು ಹಿಡಿದದ್ದು, ಸ್ಥಳಪುರಾಣದ ಧಾಟಿಯನ್ನು ಕಾದಂಬರಿಗೆ ತಂದದ್ದು, ಗಾಂಧಿಯನ್ನು ಹರಿಕಥೆಯೊಳಗೆ ಇಳಿಸಿದ್ದು: ಈ ಮೂರನ್ನು ಹೇಳಿದರೆ ಪರೀಕ್ಷೆಗೆ ಸಾಕು. ಕನ್ನಡ ವಿಮರ್ಶಕರು ಇಂಗ್ಲಿಷಿನಲ್ಲಿ ಬರೆದದ್ದೆಂದು ಅದನ್ನು ಹೆಚ್ಚುಕಡಿಮೆ ಆ ವಿಭಾಗಗಳಿಗೇ ಬಿಟ್ಟುಕೊಟ್ಟರು. ಹೀಗೆ ಹಾಸನದಲ್ಲಿ ಹುಟ್ಟಿದ ಲೇಖಕ ಮಲೆನಾಡ ಅಂಚಿನ ಒಂದು ಹಳ್ಳಿಯ ಬಗ್ಗೆ ಬರೆದ ಪುಸ್ತಕ ಶೈಲಿಯ ಮಾದರಿಯಾಗಿ ಉಳಿಯಿತು. ಅಹಿಂಸೆಗೂ ಜಾತಿಗೂ ನಡುವೆ ನಡೆದ ಒಂದು ಕಠಿಣ ಮುಖಾಮುಖಿ ಅದರೊಳಗಿದೆ ಎಂಬುದು ಮರೆತೇಹೋಯಿತು.

ಕಥೆ ಓದುಗರಿಗೆ ಗೊತ್ತಿರುವುದೇ. ಕೆಂಚಮ್ಮ ದೇವಿ ಕಾಯುವ ಊರು, ಬಡ್ಡಿ ವ್ಯವಹಾರದ ಭಟ್ಟ, ಸ್ಕೆಫಿಂಗ್ಟನ್ ಕಾಫಿ ತೋಟ, ಪೊಲೀಸ್ ಬಡೇ ಖಾನ್, ಓದು ಬಿಟ್ಟು ಗಾಂಧಿಯ ದಾರಿ ಹಿಡಿದು ಬಂದ ಬ್ರಾಹ್ಮಣ ಯುವಕ ಮೂರ್ತಿ, ಇದನ್ನೆಲ್ಲ ಹೇಳುವ ಮುದಿ ವಿಧವೆ ಅಚ್ಚಕ್ಕ. ಕಥೆಯ ಕಾಲ 1930ರ ಉಪ್ಪಿನ ಸತ್ಯಾಗ್ರಹದ ಆಸುಪಾಸು. ಹರಿಕಥೆಯ ಜಯರಾಮಾಚಾರ್ ಊರಿಗೆ ಬಂದಾಗ ಸ್ವರಾಜ್ಯವನ್ನು ಮುಕ್ಕಣ್ಣನಿಗೆ ಹೋಲಿಸುತ್ತಾನೆ. ಅದರ ಮೂರು ಕಣ್ಣುಗಳು ಆತ್ಮಶುದ್ಧಿ, ಹಿಂದೂ–ಮುಸ್ಲಿಂ ಐಕ್ಯ ಮತ್ತು ಖಾದಿ. ಮೊದಲ ಕಣ್ಣು ಆತ್ಮಶುದ್ಧಿ ಎಂಬುದನ್ನು ನೆನಪಿಡಬೇಕು. ಕಾದಂಬರಿ ತನಗೆ ತಾನೇ ಇಟ್ಟುಕೊಂಡ ಅಳತೆಗೋಲು ಅದು. ಆ ಕೋಲಿನಿಂದಲೇ ಅದನ್ನು ಅಳೆಯುವುದು ನ್ಯಾಯ.

ಅಳೆಯಬೇಕಾದ ಜಾಗ ಹೊಲಗೇರಿಯ ರಾಚಣ್ಣನ ಮನೆ. ಮೂರ್ತಿ ಅಲ್ಲಿಗೆ ಹೋಗುವ ಹೊತ್ತಿಗೆ ಏನೇನು ಆಗಿಹೋಗಿದೆ ನೋಡಿ. ಸ್ವಾಮಿಗಳು ಅವನಿಗೆ ಬಹಿಷ್ಕಾರ ಹಾಕಿದ್ದಾರೆ. ಆ ಆಘಾತದಲ್ಲೇ ತಾಯಿ ನರಸಮ್ಮ ತೀರಿಕೊಂಡಿದ್ದಾಳೆ. ತೋಟದ ಗಲಾಟೆಯ ನಂತರ ಮೂರ್ತಿ ದೇವಸ್ಥಾನದಲ್ಲಿ ಮೂರು ದಿನ ಉಪವಾಸ ಕೂತು ಎದ್ದಿದ್ದಾನೆ. ಜಾತಿ ಅವನನ್ನು ಹೊರಗೆ ತಳ್ಳಿಯಾಗಿದೆ. ಕಳೆದುಕೊಳ್ಳಲು ಇನ್ನು ಏನೂ ಉಳಿದಿಲ್ಲ ಎನ್ನಿಸುವಂಥ ಹೊತ್ತು ಅದು. ಹಾಗಿದ್ದೂ ಆ ಹೊಸ್ತಿಲಿನ ಎದುರು ಅವನು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ನಡುಗುತ್ತ ನಿಲ್ಲುತ್ತಾನೆ. ಅಲ್ಲಿಯವರೆಗೆ ಅವನು ಕೇರಿಯವರ ಜೊತೆ ಮಾತಾಡಿದ್ದೆಲ್ಲ ಚರಂಡಿಯ ಚಪ್ಪಡಿಯ ಮೇಲೆ ನಿಂತು. ಆಮೇಲೆ ಒಮ್ಮೆಲೇ ಮೆಟ್ಟಿಲೇರಿ ಒಳಗೆ ನುಗ್ಗಿ ನೆಲದ ಮೇಲೆ ಕುಕ್ಕರಿಸುತ್ತಾನೆ. ರಾಚಣ್ಣನ ಹೆಂಡತಿ ಲಿಂಗಮ್ಮ ಮೂಲೆ ಗುಡಿಸಿ ಚಾಪೆ ಹಾಸಿದರೆ ಬೇಡ ಬೇಡ ಎಂದು ತೊದಲುತ್ತಾನೆ. ಹಿತ್ತಿಲಲ್ಲಿ ಯಾವುದೋ ಸತ್ತ ದನ ಇರಲೇಬೇಕು, ಅದರ ಚರ್ಮ ಸುಲಿಯುತ್ತಿರಲೇಬೇಕು ಎಂದುಕೊಳ್ಳುತ್ತಾನೆ. ಹಸಿ ತೊಗಲಿನ ನಾತ ಮೂಗಿಗೆ ಬಡಿಯುತ್ತದೆ. ಸೂರು ಅಲುಗಿದಂತೆ, ಪಿತೃಗಳೆಲ್ಲ ಕೂಗಿಕೊಂಡಂತೆ ಅನಿಸುತ್ತದೆ. ಕೈ ತಾನಾಗಿ ಜನಿವಾರದ ಕಡೆ ಸರಿಯುತ್ತದೆ.

ಇಲ್ಲಿ ರಾಜಾರಾಯರು ಮಾಡಿರುವುದನ್ನು ನಿಧಾನವಾಗಿ ಗಮನಿಸಬೇಕು. ಮೂರ್ತಿ ಹಿತ್ತಿಲನ್ನು ನೋಡಿಲ್ಲ. ಅಲ್ಲಿ ದನ ಇದೆಯೋ ಇಲ್ಲವೋ ಕಾದಂಬರಿಯೂ ಹೇಳುವುದಿಲ್ಲ. ಊಹೆ ಮೊದಲು ಬರುತ್ತದೆ, ನಾತ ಆಮೇಲೆ. ನಂಬಿಕೆಯನ್ನು ಬುದ್ಧಿಯಿಂದ ತೆಗೆದುಹಾಕಿದವನ ದೇಹದಲ್ಲಿ ಅದು ಹೇಗೆ ಉಳಿದಿರುತ್ತದೆ ಎಂಬುದನ್ನು ಆ ಕಾಲದ ಯಾವ ಸುಧಾರಣಾವಾದಿ ಬರಹವೂ ಇಷ್ಟು ಹತ್ತಿರದಿಂದ ತೋರಿಸಿದ್ದನ್ನು ನಾನು ಓದಿಲ್ಲ.

ಲಿಂಗಮ್ಮ ಬೆಳಗಿದ ಹಿತ್ತಾಳೆ ಲೋಟದಲ್ಲಿ ಹಾಲು ತಂದು, ಕೈ ಚಾಚಿ ನೆಲದ ಮೇಲಿಟ್ಟು, ಕಣಜದ ಹಿಂದೆ ಸರಿಯುತ್ತಾಳೆ. ಮೂರ್ತಿ ಈಗಷ್ಟೇ ಕಾಫಿ ಆಯಿತು ಎನ್ನುತ್ತಾನೆ. ನಮ್ಮ ಊರುಗಳಲ್ಲಿ ಈ ಮಾತು ಎಷ್ಟು ಹಳೆಯದು ಎಂಬುದು ಆಡಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ಲಿಂಗಮ್ಮನಿಗೂ ಗೊತ್ತಿದೆ. ಅವಳು ವಾದಕ್ಕಿಳಿಯುವುದಿಲ್ಲ, ಮುನಿಯುವುದೂ ಇಲ್ಲ. ದೇವರಿಗೆ ನೈವೇದ್ಯ ಇಟ್ಟಂತೆ ಬರೀ ಮುಟ್ಟಿದರೂ ಸಾಕು, ನಾವು ಪಾವನರಾಗುತ್ತೇವೆ ಎಂದು ಬೇಡಿಕೊಳ್ಳುತ್ತಾಳೆ. ಆಗ ಮೂರ್ತಿ ಪ್ರಾರ್ಥಿಸುತ್ತ ಲೋಟ ಎತ್ತಿ ಒಂದೇ ಒಂದು ಗುಟುಕು ಕುಡಿದು ಪಕ್ಕಕ್ಕಿಡುತ್ತಾನೆ.

ಈ ಭಾಗವನ್ನು ಓದಿದವರು ಸಾಮಾನ್ಯವಾಗಿ ಮೂರ್ತಿಯ ತೊಳಲಾಟದ ಬಗ್ಗೆಯೇ ಬರೆಯುತ್ತಾರೆ. ನನ್ನ ಕಣ್ಣು ಲಿಂಗಮ್ಮನ ಮೇಲಿದೆ. ಮನೆಗೆ ಬಂದವನು ತನ್ನ ಹಾಲನ್ನು ಕುಡಿಯಲಾರ ಎಂಬುದು ಅವಳಿಗೆ ತಕ್ಷಣ ತಿಳಿಯುತ್ತದೆ. ಅವನ ಮಾನ ಉಳಿಸಲು ಅವಳು ಅವನನ್ನು ಅತಿಥಿಯ ಜಾಗದಿಂದ ದೇವರ ಜಾಗಕ್ಕೆ ಏರಿಸುತ್ತಾಳೆ. ಅತಿಥಿಯಾದವನು ಕುಡಿಯಲೇಬೇಕು, ದೇವರಾದರೆ ಮುಟ್ಟಿದರೆ ಸಾಕು. ಅತಿಥಿಯನ್ನು ಸತ್ಕರಿಸುವ ಸಮಾನಳ ಹಕ್ಕನ್ನು ಅವಳು ತಾನಾಗಿ ಬಿಟ್ಟುಕೊಡುತ್ತಾಳೆ, ಎದುರಿಗಿರುವವನ ಸಂಕಟ ಕಡಿಮೆಯಾಗಲಿ ಎಂದು. ಎದುರಾಳಿಯ ಅವಮಾನವನ್ನು ತನ್ನ ಮೇಲೆ ತೆಗೆದುಕೊಳ್ಳುವುದೇ ಅಹಿಂಸೆಯಾದರೆ, ಆ ಮನೆಯೊಳಗಿನ ಸತ್ಯಾಗ್ರಹಿ ಲಿಂಗಮ್ಮ. ಅಹಿಂಸೆಯ ಪಾಠ ಹೇಳಲು ಬಂದವನು ಅವಳಿಂದ ಅದನ್ನು ಪಡೆದು ಹೊರಡುತ್ತಾನೆ, ಪಡೆದದ್ದು ಅವನಿಗೆ ತಿಳಿಯುವುದೂ ಇಲ್ಲ.

ನಂತರದ ಅರ್ಧ ಪುಟ ಇನ್ನೂ ಕಠಿಣ. ಮೂರ್ತಿ ರಂಗಮ್ಮನ ಮನೆಗೆ ಬರುತ್ತಾನೆ. ರಂಗಮ್ಮ ಪತ್ರಿಕೆ ಓದುವವಳು, ಕಾಂಗ್ರೆಸ್ಸಿನ ಪರ ಇರುವವಳು, ಊರಿನಲ್ಲಿ ಅವನಿಗೆ ಆಸರೆಯಾದವಳು. ಅವಳೂ ಜನಿವಾರ ಬದಲಿಸು ಎನ್ನುತ್ತಾಳೆ. ದಿನಾ ಅಲ್ಲಿಗೆ ಹೋಗಬೇಕಾದವನು ದಿನಾ ಬದಲಿಸಲೇ ಎಂದು ಇವನ ಪ್ರಶ್ನೆ. ಹಾಗಾದರೆ ಮುಟ್ಟಿದಾಗಲೆಲ್ಲ ಒಂದು ಚಮಚ ಗಂಗಾಜಲ ಕುಡಿ ಎಂಬಲ್ಲಿಗೆ ರಾಜಿಯಾಗುತ್ತದೆ. ಗಂಗಾಜಲ ಒಳಗೆ ಹೋದ ಮೇಲೆ ಅವನಿಗೆ ಹೊಸ ಉಸಿರು ಬಂದಂತಾಗುತ್ತದೆ. ಎಷ್ಟಾದರೂ ಬ್ರಾಹ್ಮಣ ಬ್ರಾಹ್ಮಣನೇ ಎಂದು ಅಚ್ಚಕ್ಕ ಷರಾ ಬರೆಯುತ್ತಾಳೆ. ಆತ್ಮಶುದ್ಧಿ ಎಂಬ ಮೊದಲ ಕಣ್ಣು ಇಲ್ಲಿ ಏನಾಯಿತು? ಅಸ್ಪೃಶ್ಯತೆ ಎಂಬ ಪಾಪದಿಂದ ಸವರ್ಣರು ಶುದ್ಧರಾಗಬೇಕು ಎಂದು ಗಾಂಧಿ ಹೇಳಿದರು. ರಂಗಮ್ಮನ ಹಿತ್ತಿಲಲ್ಲಿ ಅದು ಅಸ್ಪೃಶ್ಯರಿಂದ ಶುದ್ಧರಾಗುವ ಹಳೆಯ ಮಡಿಯಾಗಿ ತಿರುಗಿಕೊಂಡಿತು.

ಇದು ಕಾದಂಬರಿಕಾರರ ಕಲ್ಪನೆಯಷ್ಟೇ ಆಗಿರಲಿಲ್ಲ. 1927ರ ಮಾರ್ಚಿನಲ್ಲಿ ಅಂಬೇಡ್ಕರ್ ಮತ್ತು ಸಾವಿರಾರು ದಲಿತರು ಮಹಾಡಿನ ಚವದಾರ್ ಕೆರೆಗಿಳಿದು ನೀರು ಕುಡಿದರು. ಅದೂ ಅಹಿಂಸೆಯ ಸತ್ಯಾಗ್ರಹವೇ. ಅವರು ಹೋದ ಮೇಲೆ ಊರಿನ ಸವರ್ಣರು ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ಕೆರೆಗೆ ಸುರಿದ ಪಂಚಗವ್ಯಕ್ಕೂ ಮೂರ್ತಿಯ ಗಂಟಲಿಗಿಳಿದ ಗಂಗಾಜಲಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಒಂದು ಸುಧಾರಣೆಯ ವಿರೋಧಿಗಳ ಕೆಲಸ, ಇನ್ನೊಂದು ಸುಧಾರಕನದೇ ಕೆಲಸ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬಹುದಾದಷ್ಟು ವಿವರ ಈ ಪುಸ್ತಕದಲ್ಲಿದೆ ಎಂಬುದೇ ಅದರ ಹೆಚ್ಚುಗಾರಿಕೆ.

ಇಷ್ಟು ಹೇಳಿದ ಮೇಲೆ ಎರಡು ಗುಂಪಿನ ವಿಮರ್ಶಕರಿಗೆ ಉತ್ತರ ಕೊಡಬೇಕಾಗುತ್ತದೆ. ಮೊದಲ ಗುಂಪು ಹೇಳುವುದು: ಇದೆಲ್ಲ ಅಚ್ಚಕ್ಕನ ಮಿತಿ, ಲೇಖಕರದಲ್ಲ, ಮುದಿ ಬ್ರಾಹ್ಮಣ ವಿಧವೆ ಹೀಗಲ್ಲದೆ ಇನ್ನು ಹೇಗೆ ಹೇಳಿಯಾಳು? ಕೇಳಲು ಚೆನ್ನಾಗಿದೆ. ಆದರೆ ಕಾದಂಬರಿಯ ಆರಂಭದಲ್ಲೇ ಅಚ್ಚಕ್ಕ ತಾನು ಹೊಲಗೇರಿಗೆ ಹೋದವಳಲ್ಲ, ಬೀದಿಯ ಮೂಲೆಯಿಂದ ಕಂಡಿದ್ದಷ್ಟೇ ಎನ್ನುತ್ತಾಳೆ. ಅಂಥವಳು ರಾಚಣ್ಣನ ಮನೆಯ ಮೂಲೆ, ಚಾಪೆ, ಕಣಜವನ್ನು ಹೇಗೆ ಕಂಡಳು? ಮೂರ್ತಿಯ ಎದೆ ಬಡಿತ ಅವಳಿಗೆ ಹೇಗೆ ಕೇಳಿಸಿತು? ಆ ಮನೆಯೊಳಗೆ ಹೋದವರು ರಾಜಾರಾಯರು. ಅಚ್ಚಕ್ಕನ ದನಿಯನ್ನು ಎರವಲು ಪಡೆದು ಹೋದರು. ಹೋದವರು ಮೂರ್ತಿಯ ಒಳಗನ್ನು ಹೊಕ್ಕರು, ಲಿಂಗಮ್ಮನ ಒಳಗನ್ನು ಹೊಗಲಿಲ್ಲ. ಕಣಜದ ಹಿಂದೆ ನಿಂತವಳಿಗೆ ಅರ್ಧ ಕುಡಿದೂ ಕುಡಿಯದೆ ಬಿಟ್ಟ ಲೋಟವನ್ನು ನೋಡಿ ಏನನ್ನಿಸಿತು? ಹೋಗಲಾರದ ಜಾಗಕ್ಕೆಲ್ಲ ಹೋಗಬಲ್ಲ ನಿರೂಪಣೆ ಅಲ್ಲಿಗೆ ಮಾತ್ರ ಹೋಗಲಿಲ್ಲವೆಂದರೆ ಅದರ ಹೊಣೆಯನ್ನು ಒಬ್ಬ ಮುದುಕಿಯ ತಲೆಗೆ ಕಟ್ಟುವುದು ಸರಿಯಲ್ಲ.

ಕಾಲದ ಮಿತಿ ಎಂಬ ಮಾತೂ ನಿಲ್ಲುವುದಿಲ್ಲ. ಮಂಗಳೂರಿನ ಕುದ್ಮುಲ್ ರಂಗರಾಯರು ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ದಲಿತ ಮಕ್ಕಳಿಗೆ ಶಾಲೆ ಕಟ್ಟಿದವರು, ಜಾತಿಯವರ ಬಹಿಷ್ಕಾರ ಉಂಡವರು. 1928ರಲ್ಲಿ ತೀರಿಕೊಂಡಾಗ ತಮ್ಮ ಹೆಣವನ್ನು ಜಾಡಮಾಲಿಗಳೇ ಹೊರಬೇಕೆಂದು ಬಯಸಿದ್ದವರು. ಸಾರಸ್ವತ ಬ್ರಾಹ್ಮಣರೊಬ್ಬರು ಹಾಗೆ ಬದುಕಿದ್ದು ಇದೇ ಸೀಮೆಯಲ್ಲಿ, ಕಾದಂಬರಿಗಿಂತ ಮೊದಲು.

ಎರಡನೇ ಗುಂಪಿನ ಮಾತು ಇದಕ್ಕೆ ವಿರುದ್ಧ: ಇದು ಅಗ್ರಹಾರದ ಸುಧಾರಣೆಯ ಕಥೆ, ಓದುವುದರಿಂದ ಏನೂ ಬರುವುದಿಲ್ಲ. ಇವರು ಡಿ.ಆರ್. ನಾಗರಾಜ್ ಅವರ ಹೆಸರು ಹೇಳುತ್ತಾರೆ. ಗಾಂಧಿಯ ದಾರಿ ಸವರ್ಣರ ಆತ್ಮಶುದ್ಧಿಯದು, ಅಂಬೇಡ್ಕರರದು ದಲಿತರ ಆತ್ಮಗೌರವದ್ದು. ಶುದ್ಧಿಯ ನಾಟಕದಲ್ಲಿ ನಾಯಕ ಸವರ್ಣನೇ ಆಗಿ, ದಲಿತ ಅವನ ಶುದ್ಧಿಯ ಸಾಧನವಾಗಿಬಿಡುತ್ತಾನೆ ಎಂದು ಡಿ.ಆರ್. ತೋರಿಸಿದ್ದು ನಿಜ. ಆದರೆ ಅವರು ಅಲ್ಲಿಗೇ ನಿಂತವರಲ್ಲ. ಇಬ್ಬರ ಮುಖಾಮುಖಿಯಲ್ಲಿ ಇಬ್ಬರೂ ಬದಲಾದರು, ಇಬ್ಬರೂ ನಮಗೆ ಬೇಕು ಎಂದು ವಾದಿಸಿದವರು. ಅವರ ಅರ್ಧ ಮಾತನ್ನು ಹಿಡಿದು ಪುಸ್ತಕಗಳನ್ನು ಪಟ್ಟಿಯಿಂದ ಹೊಡೆದುಹಾಕುವುದು ಅವರಿಗೆ ಮಾಡುವ ಅನ್ಯಾಯ. ಶುದ್ಧಿಯ ದಾರಿ ಎಲ್ಲಿ ಮುರಿಯುತ್ತದೆ ಎಂದು ಕಣ್ಣಾರೆ ನೋಡಬೇಕಾದರೆ ಈ ಹಾಲಿನ ಪ್ರಸಂಗವನ್ನೇ ಓದಬೇಕು. ಓದದೆ ತಿರಸ್ಕರಿಸುವವರು ತಮ್ಮ ವಾದಕ್ಕೆ ಸಿಗಬಹುದಾದ ಅತ್ಯುತ್ತಮ ಸಾಕ್ಷಿಯನ್ನೇ ಕಳೆದುಕೊಳ್ಳುತ್ತಿದ್ದಾರೆ.

ಕಾದಂಬರಿಯ ನಿಜವಾದ ಸೋಲು ಬೇರೆಡೆ ಇದೆ. ಇಂಥ ಪ್ರಸಂಗವನ್ನು ಬರೆದ ಮೇಲೆ ರಾಜಾರಾಯರು ಅದರ ಕಡೆ ತಿರುಗಿ ನೋಡಲಿಲ್ಲ. ಮುಂದೆ ಬರುವುದೆಲ್ಲ ಹೆಂಡದಂಗಡಿ ಪಿಕೆಟಿಂಗ್, ಕರನಿರಾಕರಣೆ, ಲಾಠಿ, ಬೂಟು, ಜೈಲು. ಆ ಪುಟಗಳ ಓಟಕ್ಕೆ, ಹೆಂಗಸರು ಏಟು ತಿನ್ನುತ್ತಲೇ ಮುಂದೆ ಸಾಗುವ ಚಿತ್ರಗಳಿಗೆ ಯಾರಾದರೂ ಮರುಳಾಗುತ್ತಾರೆ. ಆ ಭರಾಟೆಯಲ್ಲಿ ಒಂದು ಪ್ರಶ್ನೆ ಮುಚ್ಚಿಹೋಗುತ್ತದೆ. ಲಾಠಿಯ ಏಟನ್ನು ಎದುರಿಸುವ ಧೈರ್ಯ ಮೂರ್ತಿಗೂ ಊರಿಗೂ ಬಂತು. ಒಂದು ಲೋಟ ಹಾಲನ್ನು ಪೂರ್ತಿ ಕುಡಿದು, ಗಂಗಾಜಲ ಬೇಡ ಎನ್ನುವ ಧೈರ್ಯ ಬಂತೆ? ಪರಕೀಯ ಸರ್ಕಾರದ ಎದುರು ದೇಹವನ್ನು ಒಡ್ಡುವುದಕ್ಕಿಂತ ತನ್ನವರ ಅಡುಗೆಮನೆಯ ಎದುರು ನಿಲ್ಲುವುದು ಕಷ್ಟ ಎಂಬ ಸತ್ಯ ಈ ಪುಸ್ತಕಕ್ಕೆ ಸಿಕ್ಕಿತ್ತು. ಸಿಕ್ಕಿದ್ದನ್ನು ಅದು ಬಿಟ್ಟುಕೊಟ್ಟಿತು.

ಕೊನೆಯ ಭಾಗದಲ್ಲಿ ಆ ಸತ್ಯ ಎರಡು ಸಲ ಹೊರಗಿಣುಕುತ್ತದೆ. ಎಲ್ಲ ಕಳೆದುಕೊಂಡು ಊರು ಬಿಡುವಾಗ ಹೊಲಗೇರಿಯ ರಾಚಿ ಈ ಊರನ್ನೇ ಸುಡುತ್ತೇನೆ ಎಂದು ಬೆಂಕಿ ಹಚ್ಚಲು ಹೊರಡುತ್ತಾಳೆ. ಬೇಡ ಬೇಡ ಎನ್ನುವವರು ಅಚ್ಚಕ್ಕನ ‘ನಾವು’. ಚಳವಳಿ ಕಟ್ಟಿತು ಎನ್ನಲಾದ ಆ ‘ನಾವು’ ಒಳಗೆ ರಾಚಿ ಇರಲಿಲ್ಲ ಎಂಬುದು ಅಲ್ಲಿ ಬಯಲಾಗುತ್ತದೆ. ಇನ್ನೊಂದು, ಜೈಲಿನಿಂದ ಬಿಡುಗಡೆಯಾದ ಮೂರ್ತಿ ಚಳವಳಿಯ ಸಂಗಾತಿ ರತ್ನಳಿಗೆ ಬರೆದ ಪತ್ರ. ಅವನು ಈಗ ನೆಹರೂ ಕಡೆ ವಾಲಿದ್ದಾನೆ. ಕಾಫಿ ತೋಟದ ಕಬ್ಬಿಣದ ಗೇಟುಗಳು ಇರುವವರೆಗೆ ಹೊಲೆಯರೂ ಇರುತ್ತಾರೆ, ಬಡತನವೂ ಇರುತ್ತದೆ ಎಂಬುದು ಅವನ ಹೊಸ ತಿಳಿವಳಿಕೆ. ತೋಟದ ಗೇಟು ಕಂಡವನಿಗೆ ರಂಗಮ್ಮನ ಗಂಗಾಜಲದ ಚಮಚ ನೆನಪಾಗಲಿಲ್ಲ. ಬಡತನಕ್ಕೆ ತೋಟ ಕಾರಣವಾಗಿರಬಹುದು; ಅಸ್ಪೃಶ್ಯತೆಗೆ ಸ್ಕೆಫಿಂಗ್ಟನ್ ಸಾಹೇಬ ಕಾರಣನಲ್ಲ. ಗಾಂಧಿಯನ್ನು ಬಿಟ್ಟು ಮುಂದೆ ಹೋದೆನೆಂದುಕೊಂಡವನು ಗಾಂಧಿ ಕೇಳಿದ್ದಕ್ಕಿಂತ ಕಡಿಮೆ ಪ್ರಶ್ನೆಯನ್ನು ತನಗೆ ಹಾಕಿಕೊಂಡ.

ಬಿಟ್ಟ ಎಳೆಯನ್ನು ಎತ್ತಿಕೊಂಡದ್ದು ಕನ್ನಡ. 1973ರ ‘ಭಾರತೀಪುರ’ದಲ್ಲಿ ಅನಂತಮೂರ್ತಿಯವರ ಜಗನ್ನಾಥ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಹೊಲೆಯರಿಗೆ ಮುಟ್ಟಿ ಎನ್ನುತ್ತಾನೆ. ಅವರು ಹೆದರಿ ಹಿಂಜರಿದಾಗ ಗದರುತ್ತಾನೆ. ಸುಧಾರಕನೊಳಗಿನ ಹಿಂಸೆಯನ್ನು ಅನಂತಮೂರ್ತಿ ತಪ್ಪಿಸಿಕೊಳ್ಳಲು ಬಿಡದೆ ಕೊನೆಯವರೆಗೂ ಹಿಂಬಾಲಿಸಿದರು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆ ಮಂದಿಯೆಲ್ಲ ಕದ್ದು ತಂದ ಕಡಲೆಕಾಯಿಯನ್ನು ರಾತ್ರಿಯಿಡೀ ತಿನ್ನುವಾಗ ನಾವು ಕಣಜದ ಈಚೆ ನಿಂತಿರುವುದಿಲ್ಲ, ಆ ಮನೆಯೊಳಗೇ ಕೂತಿರುತ್ತೇವೆ. ಲಿಂಗಮ್ಮನ ಮನೆಯ ಒಳಗನ್ನು ಬರೆಯಲು ಆ ಮನೆಯವರೇ ಬರಬೇಕಾಯಿತು.

ಆದ್ದರಿಂದ ನನ್ನ ತೀರ್ಮಾನ ಇದು. ಶೈಲಿಯ ಮೂಲಪುರುಷ ಎಂಬ ಪಟ್ಟ ‘ಕಾಂತಾಪುರ’ಕ್ಕೆ ಭಾರವಾಯಿತು, ಅದನ್ನು ಇಳಿಸಬೇಕು. ಸ್ವಾತಂತ್ರ್ಯ ಚಳವಳಿಯ ಮಹಾಕಾದಂಬರಿ ಎಂಬ ಹೊಗಳಿಕೆಯೂ ಅತಿಯಾಯಿತು, ಯಾಕೆಂದರೆ ತಾನು ಕಂಡ ದೊಡ್ಡ ಸತ್ಯವನ್ನು ಅದು ಕೊನೆಯವರೆಗೆ ಹೊರಲಿಲ್ಲ. ಆದರೆ ನಾಲ್ಕಾರು ಪುಟಗಳಲ್ಲಿ ಅದು ನಮ್ಮ ಅಹಿಂಸೆಯ ಅತ್ಯಂತ ಕಷ್ಟದ ಪರೀಕ್ಷೆಯನ್ನು ಬರೆದಿಟ್ಟಿದೆ, ಆ ಪರೀಕ್ಷೆಯಲ್ಲಿ ತನ್ನ ನಾಯಕನೇ ಸೋತದ್ದನ್ನು ಮುಚ್ಚಿಡದೆ ಹೇಳಿದೆ. ಮುನ್ನುಡಿಯ ಪಾಠ ಸಾಕು; ತರಗತಿಗಳಲ್ಲಿ ಈ ಪುಟಗಳನ್ನು ‘ಭಾರತೀಪುರ’ದ ಸಾಲಿಗ್ರಾಮದ ಪ್ರಸಂಗದ ಜೊತೆ, ‘ಒಡಲಾಳ’ದ ಜೊತೆ ಓದಿಸಲಿ. ಬಿಟ್ಟು ಹೋದ ಹಾಲು ಯಾರದ್ದು, ಅದನ್ನು ಬಿಟ್ಟವನನ್ನು ಕ್ಷಮಿಸಿದವರು ಯಾರು ಎಂದು ಹುಡುಗರು ಕೇಳಲು ಶುರುಮಾಡಿದ ದಿನ ಈ ಪುಸ್ತಕಕ್ಕೆ ಅದರ ನಿಜವಾದ ಬೆಲೆ ಸಿಗುತ್ತದೆ.