ಗ್ರೆಗೊರಿಯ ‘ಪಾಲಕಧರ್ಮ’

ಕ್ರೈಸ್ತವೇದವನ್ನು ಪ್ರಮಾಣವಾಗಿಟ್ಟುಕೊಂಡು, ಅದಕ್ಕನುಸಾರವಾಗಿ ತಾನು ಬಾಳುವುದೂ ಇತರರನ್ನು ನಡೆಯಿಸುವುದೂ ಹೇಗೆಂಬುದನ್ನು ವಿಚಾರಿಸಿದ ಗ್ರಂಥಗಳು ಪಶ್ಚಿಮದೇಶಗಳಲ್ಲಿ ಅನೇಕವಾಗಿವೆ. ಅವುಗಳಲ್ಲಿ ರೋಮಿನ ಮಹಾ ಗ್ರೆಗೊರಿಯು ಲ್ಯಾಟಿನ್ ಭಾಷೆಯಲ್ಲಿ ರಚಿಸಿದ ‘ರೆಗುಲ ಪಾಸ್ಟೊರಾಲಿಸ್’ ಎಂಬುದಕ್ಕೆ ಸಲ್ಲುತ್ತ ಬಂದಿರುವ ಮನ್ನಣೆ ವಿಶೇಷವಾದುದು. ‘ಪಾಲಕಧರ್ಮ’ವೆಂದು ಅದರ ಹೆಸರನ್ನು ಕನ್ನಡಿಸಬಹುದು. ಆದರೆ ಹಾಗೆ ಕನ್ನಡಿಸಿದೊಡನೆಯೇ ಏನನ್ನೋ ಕಳೆದುಕೊಂಡಂತಾಗುವುದೆಂಬುದನ್ನು ಮುಂದೆ ಕಾಣಬಹುದು.

ಗ್ರಂಥಕರ್ತೃವು ಮೊದಲು ರೋಮ್ ನಗರದ ಅಧಿಕಾರಿಯಾಗಿದ್ದು, ಬಳಿಕ ಸಂನ್ಯಾಸಿಯಾಗಿ, ತನ್ನ ಸ್ವಂತ ಮನೆಯನ್ನೇ ಮಠವನ್ನಾಗಿ ಮಾಡಿಕೊಂಡವನು. 589ರಲ್ಲಿ ಟೈಬರ್ ನದಿಯು ಉಕ್ಕಿತು. 590ರಲ್ಲಿ ಮಹಾಮಾರಿಯು ಹಬ್ಬಿ ಎರಡನೆಯ ಪೆಲಾಗಿಯಸ್ ಪೋಪನು ಮೃತನಾದನು. ಲೊಂಬಾರ್ಡರ ಭಯವಂತೂ ಇದ್ದೇ ಇದ್ದಿತು. ಇಂತಹ ಕಾಲದಲ್ಲಿ ಜನರು ಗ್ರೆಗೊರಿಯನ್ನು ಪೀಠಕ್ಕೆ ಆರಿಸಿದರು. ಅವನು ತಪ್ಪಿಸಿಕೊಳ್ಳಲೆಳಸಿದನು, ಆಗಲಿಲ್ಲ. ಹೀಗೆ ಹಿಂಜರಿದುದಕ್ಕಾಗಿ ರಾವೆನ್ನದ ಬಿಷಪ್ ಯೋಹಾನನು ಅವನನ್ನು ಆಕ್ಷೇಪಿಸಿದನು. ಅದಕ್ಕೆ ಕೊಟ್ಟ ಉತ್ತರವೇ ಈ ಗ್ರಂಥ. ಆದುದರಿಂದ ಇದನ್ನು ಕೇವಲ ಶಾಸನಗ್ರಂಥವೆಂದು ಓದತಕ್ಕುದಲ್ಲ. ಭಾರಕ್ಕೆ ಅಂಜಿದವನೊಬ್ಬನು ಆ ಅಂಜಿಕೆಗೆ ಕಾರಣಗಳನ್ನು ನಿರೂಪಿಸಿದ ಸಮಾಧಾನಪತ್ರವೆಂದು ಓದಬೇಕು.

ಗ್ರಂಥವು ನಾಲ್ಕು ಭಾಗಗಳುಳ್ಳದ್ದು. ಈ ಸ್ಥಾನಕ್ಕೆ ಬರತಕ್ಕವನು ಯಾರು, ಬಂದವನು ಹೇಗೆ ಬಾಳಬೇಕು, ಬಾಳುವವನು ಹೇಗೆ ಬೋಧಿಸಬೇಕು, ಬೋಧಿಸಿದವನು ತನ್ನನ್ನು ಹೇಗೆ ಕಂಡುಕೊಳ್ಳಬೇಕು ಎಂಬುದೇ ಕ್ರಮ. ಬೋಧೆಗಿಂತ ಬಾಳು ಮೊದಲು ಬರುವುದನ್ನು ಗಮನಿಸತಕ್ಕುದು.

ಮೊದಲನೆಯ ಭಾಗದಲ್ಲಿ ಅಧಿಕಾರಿವಿಚಾರವು ಬಹು ಸೂಕ್ಷ್ಮವಾಗಿದೆ. ಸಭಾಧ್ಯಕ್ಷನ ಸ್ಥಾನವನ್ನು ಬಯಸುವವನು ಒಳ್ಳೆಯ ಕೆಲಸವನ್ನೇ ಬಯಸುತ್ತಾನೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿದೆ. ಪದವಿಯನ್ನು ಅರಸುವವರು ಈ ವಾಕ್ಯವನ್ನೇ ಮುಂದಿಡುವರು. ಗ್ರೆಗೊರಿಯು ಆ ವಾಕ್ಯವನ್ನು ಎರಡು ಕಡೆ ಹಿಡಿಯುತ್ತಾನೆ: ಅಪೊಸ್ತಲನು ‘ಕೆಲಸ’ವೆಂದನೇ ಹೊರತು ಗೌರವವೆಂದು ಹೇಳಲಿಲ್ಲ, ಅದನ್ನು ಹೇಳಿದ ಕಾಲದಲ್ಲಿ ಸಭೆಯ ಮುಂದಾಳೇ ಹಿಂಸೆಗೆ ಮೊದಲು ಗುರಿಯಾಗುತ್ತಿದ್ದನು. ಒಂದು ಪದದ ಶಕ್ತಿ, ಒಂದು ವಾಕ್ಯದ ಪ್ರಕರಣ — ಇವೆರಡರಿಂದಲೇ ಪೂರ್ವಪಕ್ಷವು ಕುಸಿಯುತ್ತದೆ. ನಮ್ಮ ಮೀಮಾಂಸಕರು ಇದನ್ನು ನೋಡಿದ್ದರೆ ತಲೆದೂಗುತ್ತಿದ್ದರು.

ಯಾಜಕಕಾಂಡದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅಂಗವೈಕಲ್ಯವುಳ್ಳವನು ನೈವೇದ್ಯವನ್ನು ಸಮರ್ಪಿಸಲಾಗದೆಂಬ ನಿಷೇಧವಿದೆ. ಪೂರ್ವಮೀಮಾಂಸೆಯ ಅಧಿಕಾರಾಧ್ಯಾಯದಲ್ಲಿಯೂ ಅಂಗಹೀನನಿಗೆ ಯಾಗಾಧಿಕಾರವುಂಟೇ ಎಂಬ ಚರ್ಚೆಯಿದೆ. ಅಲ್ಲಿ ಅಂಗವೆಂದರೆ ಅಂಗವೇ. ಗ್ರೆಗೊರಿಯು ದೇಹವನ್ನು ಬಿಟ್ಟು ಶೀಲಕ್ಕೆ ಹೋಗುತ್ತಾನೆ. ಕುಂಟನೆಂದರೆ ದಾರಿಯನ್ನು ಕಂಡೂ ನಡೆಯಲಾರದವನು. ಮೂಗು ಗಂಧಗಳನ್ನು ಬೇರ್ಪಡಿಸುವ ಇಂದ್ರಿಯವಾದುದರಿಂದ ಕಿರುಮೂಗಿನವನು ವಿವೇಕಹೀನನು. ದೊಡ್ಡ ಸೊಟ್ಟಮೂಗಿನವನು ಅತಿಸೂಕ್ಷ್ಮ ತರ್ಕದಿಂದಲೇ ಕೆಟ್ಟವನು. ಗೂನನು ಲೌಕಿಕಚಿಂತೆಯಿಂದ ಬಾಗಿದವನು. ಹುಳುಕಡ್ಡಿಯೆಂದರೆ ಲೋಭ, ಅದು ನೋವಿಲ್ಲದೆ ಮೈಯೆಲ್ಲ ಹರಡಿ ಚೆಲುವನ್ನು ಕೆಡಿಸುವಂತೆ, ಲೋಭವೂ ಸುಖಕೊಡುತ್ತಲೇ ಮನಸ್ಸನ್ನು ಕೆಡಿಸುವುದು. ಇವುಗಳಲ್ಲಿ ಮೂಗಿನ ವ್ಯಾಖ್ಯಾನವು ನಗೆಗೆ ಎಡೆಕೊಡುವುದುಂಟು. ಅತಿಸೂಕ್ಷ್ಮತೆಯನ್ನು ಖಂಡಿಸುವವನೇ ಅಲ್ಲಿ ಅತಿಸೂಕ್ಷ್ಮನಾಗಿದ್ದಾನೆ. ಹುಳುಕಡ್ಡಿಯ ವ್ಯಾಖ್ಯಾನವಾದರೋ ಹಾಗಲ್ಲ. ಅಲ್ಲಿ ಉಪಮೇಯೋಪಮಾನಗಳಿಗೆ ನಿಜವಾದ ಸಾಧರ್ಮ್ಯವಿದೆ. ಕ್ಲಿಷ್ಟಕಲ್ಪನೆಗೂ ಔಚಿತ್ಯಕ್ಕೂ ಇರುವ ಭೇದವನ್ನು ತರಗತಿಯಲ್ಲಿ ತಿಳಿಸಬೇಕಾದವರಿಗೆ ಈ ಒಂದು ಅಧ್ಯಾಯವೇ ಸಾಕು.

ಎರಡನೆಯ ಭಾಗದ ತಿರುಳು ಧ್ಯಾನಕ್ಕೂ ಲೋಕಕಾರ್ಯಕ್ಕೂ ಇರಬೇಕಾದ ಹೊಂದಿಕೆ. ಮೋಶೆಯು ಗುಡಾರದೊಳಕ್ಕೆ ಹೋಗುತ್ತಲೂ ಹೊರಕ್ಕೆ ಬರುತ್ತಲೂ ಇದ್ದನು. ಮೂರನೆಯ ಸ್ವರ್ಗದ ರಹಸ್ಯವನ್ನು ಕಂಡ ಪೌಲನೇ ದಂಪತಿಗಳ ಶಯನಗೃಹಕ್ಕೂ ನಿಯಮ ಹೇಳಲು ಇಳಿದು ಬಂದನು. ಮಂಜೂಷದೊಳಗೆ ಕೋಲೂ ಇದ್ದಿತು, ಮನ್ನವೂ ಇದ್ದಿತು. ಆಳುವವನ ಎದೆಯಲ್ಲಿ ದಂಡವೂ ಮಾಧುರ್ಯವೂ ಕೂಡಿರಬೇಕು.

ಮೂರನೆಯ ಭಾಗವು ಗ್ರಂಥದ ಅತಿ ದೊಡ್ಡ ಭಾಗ, ನಲವತ್ತು ಅಧ್ಯಾಯಗಳುಳ್ಳದ್ದು. ಬಡವ ಬಲ್ಲಿದ, ದುಃಖಿ ಸಂತೋಷಿ, ಮೌನಿ ವಾಚಾಳ ಎಂದು ಕೇಳುವವರನ್ನು ಜೋಡಿಜೋಡಿಯಾಗಿ ವಿಂಗಡಿಸಿ, ಒಬ್ಬರಿಗೆ ಮದ್ದಾದುದು ಇನ್ನೊಬ್ಬರಿಗೆ ವಿಷವಾಗುವುದನ್ನು ತೋರಿಸಲಾಗಿದೆ. ಒಂದೇ ಕೋಣದಿಂದ ನುಡಿಸಿದರೂ ಬೇರೆ ಬೇರೆ ತಂತಿಗಳನ್ನು ಬೇರೆ ಬೇರೆಯಾಗಿ ಮಿಡಿಯುವ ವೈಣಿಕನೇ ಇಲ್ಲಿಯ ಆದರ್ಶ. ಒಂದೇ ಸಮನೆ ಓದುವವರಿಗೆ ಈ ಜೋಡಿಗಳು ಬೇಸರ ತರುವುವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ವೈದ್ಯನ ನಿಘಂಟನ್ನು ಕಾವ್ಯದಂತೆ ಓದಿದರೆ ಬರುವ ಬೇಸರವದು. ಆದರೆ ನಾತಾನನ ಪ್ರಸಂಗವು ಬೇರೆಯ ಮಾತು. ದಾವೀದನ ಪಾಪವನ್ನು ಅವನ ಮುಂದೆ ನೇರವಾಗಿ ಎತ್ತದೆ, ಬಡವನೊಬ್ಬನ ಕುರಿಮರಿಯ ಕಥೆಯನ್ನು ಹೇಳಿ, ರಾಜನ ಬಾಯಿಂದಲೇ ತೀರ್ಪನ್ನು ಪ್ರವಾದಿಯು ಹೊರಡಿಸಿದನು. ರೋಗಿಯ ಸಹನೆಯನ್ನು ಶಂಕಿಸಿ ಕತ್ತಿಯನ್ನು ಬಟ್ಟೆಯಲ್ಲಿ ಮರೆಮಾಡಿಕೊಂಡು ಬಂದ ವೈದ್ಯನಿಗೆ ಗ್ರೆಗೊರಿಯು ಅವನನ್ನು ಹೋಲಿಸುತ್ತಾನೆ. ಕಾಂತಾಸಂಮಿತವೆಂದು ಮಮ್ಮಟನು ಕರೆದ ಉಪದೇಶದ ಬಳಿ ಈ ಕತ್ತಿಯನ್ನೂ ಇಡತಕ್ಕುದು. ಕಾವ್ಯದ ಉಪದೇಶವು ಯಾವಾಗಲೂ ಮೃದುವಲ್ಲವೆಂಬುದು ಆಗ ತಿಳಿದೀತು.

ಗ್ರಂಥದಲ್ಲಿ ನಿಜವಾಗಿ ಚರ್ಚಿಸಬೇಕಾದ ದೋಷವೊಂದಿದೆ. ಗುಹೆಯಲ್ಲಿ ದಾವೀದನು ಸೌಲನ ನಿಲುವಂಗಿಯ ಅಂಚನ್ನು ಕತ್ತರಿಸಿ ಬಳಿಕ ಅದಕ್ಕಾಗಿ ಮನನೊಂದನು. ಅಂಚನ್ನು ಕತ್ತರಿಸುವುದೆಂದರೆ ಮೇಲಿನವನನ್ನು ಗುಟ್ಟಾಗಿ ಆಡಿಕೊಳ್ಳುವುದೆಂದು ವಿವರಿಸಿ, ಒಡೆಯನು ಕೆಟ್ಟವನಾದರೂ ಅಧೀನನು ನಾಲಗೆಯ ಕತ್ತಿಯನ್ನು ಎತ್ತಬಾರದೆಂದು ಗ್ರೆಗೊರಿಯು ವಿಧಿಸುತ್ತಾನೆ. ಹಾಗಾದರೆ ಕುರಿಗಳನ್ನು ಮೇಯಿಸದೆ ತಾವೇ ಮೇದುಕೊಂಡ ಕುರುಬರನ್ನು ಯೆಹೆಜ್ಕೇಲನು ಬಹಿರಂಗವಾಗಿ ಬಯ್ದುದು ಹೇಗೆ ಸರಿಯಾಯಿತು? ಪ್ರವಾದಿಗೆ ದೈವಾಜ್ಞೆಯಿದ್ದಿತೆಂದು ಸಮಾಧಾನ ಹೇಳಬಹುದು. ಆದರೂ ನಾಯಕನನ್ನು ಇಷ್ಟು ಕಠಿನವಾಗಿ ಪರೀಕ್ಷಿಸಿದ ಗ್ರಂಥವು, ಆ ಪರೀಕ್ಷೆಯಲ್ಲಿ ಸೋತ ನಾಯಕನ ಕೆಳಗಿರುವವರಿಗೆ ಮೌನವನ್ನಷ್ಟೇ ಉಳಿಸುವುದು ನ್ಯಾಯವಾಗಿ ಕಾಣುವುದಿಲ್ಲ. ಗ್ರೆಗೊರಿಯ ಪಕ್ಷದಲ್ಲಿ ಹೇಳಬೇಕಾದುದೊಂದಿದೆ: ಎರಡನೆಯ ಭಾಗದಲ್ಲಿ, ಪೌಲನ ಆಕ್ಷೇಪಣೆಯನ್ನು ಪೇತ್ರನು ಮನಸಾರೆ ಕೇಳಿದುದನ್ನೂ ಪ್ರಜೆಯೊಬ್ಬನ ಗದರಿಕೆಯನ್ನು ದಾವೀದನು ತಾಳಿಕೊಂಡುದನ್ನೂ ಆಳುವವರಿಗೆ ಮಾದರಿಯಾಗಿ ಅವನೇ ಇಟ್ಟಿದ್ದಾನೆ. ಕೇಳಿಸಿಕೊಳ್ಳಬೇಕೆಂದು ಮೇಲಿನವನಿಗೆ ವಿಧಿ; ಹೇಳಬಾರದೆಂದು ಕೆಳಗಿನವನಿಗೆ ನಿಷೇಧ. ಎರಡೂ ನಡೆದರೆ ಕೇಳಿಸಿಕೊಳ್ಳುವವನು ಯಾರ ಮಾತನ್ನು ಕೇಳಿಸಿಕೊಳ್ಳಬೇಕು? ಈ ವಿರೋಧವನ್ನು ಗ್ರಂಥವು ಪರಿಹರಿಸಿಲ್ಲ.

ಇನ್ನು ಭಾಷಾಂತರದ ಮಾತು. ಇಂಗ್ಲೆಂಡಿನ ವೆಸೆಕ್ಸಿನಲ್ಲಿ 871ರಿಂದ 899ರವರೆಗೆ ಆಳಿದ ಆಲ್ಫ್ರೆಡ್ ದೊರೆಯು, ವಿದ್ಯೆಯು ನಾಡಿನಲ್ಲಿ ಕ್ಷೀಣಿಸಿತೆಂದು ಮರುಗಿ, ಇದನ್ನು ದೇಶಭಾಷೆಗೆ ತಿರುಗಿಸಿ ತನ್ನ ಬಿಷಪರಿಗೆ ಕಳುಹಿಸಿದನು. ಅವುಗಳಲ್ಲಿ ವುಸ್ಟರಿಗೆ ಹೋದ ಪ್ರತಿಯು ಇಂದಿಗೂ ಆಕ್ಸ್‌ಫರ್ಡಿನ ಬೋಡ್ಲಿಯನ್ ಪುಸ್ತಕಭಾಂಡಾರದಲ್ಲಿದೆ. ಕನ್ನಡದಲ್ಲಿ ಅಂತಹ ಕಾರ್ಯಕ್ಕೆ ಕೈಹಾಕುವವರಿಗೆ ಮೊದಲು ಎದುರಾಗುವುದು ಹೆಸರಿನ ತೊಡಕೇ. ಲ್ಯಾಟಿನಿನ ‘ಪಾಸ್ಟೊರ್’ ಎಂಬ ಒಂದೇ ಪದವು ಮಂದೆ ಕಾಯುವವನನ್ನೂ ಸಭೆ ಕಾಯುವವನನ್ನೂ ಹೇಳುವುದು. ಗ್ರೀಕಿನ ‘ಪೊಯ್ಮೇನ್’ ಪದವೂ ಹಾಗೆಯೇ. ಕನ್ನಡದ ಹಳೆಯ ಸತ್ಯವೇದದಲ್ಲಿ ಯೋಹಾನನ ಸುವಾರ್ತೆಯ ಕಡೆ ‘ಕುರುಬ’ನೆಂದೂ, ಎಫೆಸದವರ ಪತ್ರಿಕೆಯ ಕಡೆ ‘ಸಭಾಪಾಲಕ’ನೆಂದೂ ಪದವು ಎರಡಾಗಿ ಸೀಳಿತು. ಒಂದರಲ್ಲಿ ಕಂಬಳಿ, ಕೋಲು, ಹಟ್ಟಿ ಕಣ್ಣಿಗೆ ಕಟ್ಟುವುವು. ಇನ್ನೊಂದರಲ್ಲಿ ಪೀಠವೂ ಮರ್ಯಾದೆಯೂ ತೋರುವುವು. ಗ್ರೆಗೊರಿಯ ವಾದವೆಲ್ಲ ನಿಂತಿರುವುದು ಇವೆರಡೂ ಒಂದೇ ಎಂಬುದರ ಮೇಲೆ. ಸಂಸ್ಕೃತದ ‘ಗೋಪ’ ಶಬ್ದದಲ್ಲಿ ದನಗಾಹಿಯೂ ರಕ್ಷಕನೂ ಒಟ್ಟಿಗಿರುವರೇನೋ ನಿಜ. ಆದರೆ ಅದನ್ನು ತಂದರೆ ಗೋಕುಲವೇ ಹಿಂದೆ ಬರುವುದು. ‘ಕಾಯುವವನು’ ಎಂಬ ತಿಳಿಗನ್ನಡದ ಮಾತೇ ಇಲ್ಲಿ ಹೆಚ್ಚು ಒಪ್ಪೀತು. ಮಂದೆಯನ್ನೂ ಕಾಯಬಹುದು, ಊರನ್ನೂ ಕಾಯಬಹುದು, ಬಾಗಿಲಲ್ಲಿ ನಿಂತು ಇನ್ನೊಬ್ಬರಿಗಾಗಿಯೂ ಕಾಯಬಹುದು.

ನಾಲ್ಕನೆಯ ಭಾಗವು ಒಂದೇ ಅಧ್ಯಾಯದಷ್ಟಿದೆ. ಚೆನ್ನಾಗಿ ಬೋಧಿಸಿದವನಿಗೆ ಬರುವ ಗರ್ವವೇ ಅದರ ವಿಷಯ. ಇಷ್ಟು ದೂರ ಇತರರನ್ನು ತೂಗಿದವನು ಕಡೆಗೆ ತನ್ನನ್ನೇ ತಕ್ಕಡಿಗೆ ಹಾಕುತ್ತಾನೆ: ಸುಂದರಪುರುಷನನ್ನು ಚಿತ್ರಿಸಿದ ಚಿತ್ರಗಾರನು ತಾನು ಕುರೂಪಿ, ದಡವನ್ನು ಇತರರಿಗೆ ತೋರಿಸುತ್ತಿರುವವನು ಇನ್ನೂ ಅಲೆಗಳ ನಡುವೆ ಇದ್ದಾನೆ. ಆದುದರಿಂದ, ತನ್ನನ್ನು ಆಕ್ಷೇಪಿಸಿದ ಆ ಯೋಹಾನನನ್ನೇ ಅವನು ಪ್ರಾರ್ಥನೆಯೆಂಬ ಹಲಗೆಯೊಂದನ್ನು ನೀಡೆಂದು ಬೇಡಿಕೊಳ್ಳುತ್ತಾನೆ.