ಕಾರ್ನಾಡರ ಸಾಕ್ಷ್ಯಚಿತ್ರಗಳು: ಒಂದು ಟಿಪ್ಪಣಿ

ಗಿರೀಶ ಕಾರ್ನಾಡರ (1938–2019) ಸಾಕ್ಷ್ಯಚಿತ್ರಗಳನ್ನು ಅವರ ನಾಟಕಗಳ ಅಡಿಟಿಪ್ಪಣಿಗಳೆಂದು ಭಾವಿಸುವ ರೂಢಿಯನ್ನು ನಾವು ಒಪ್ಪಲಾರೆವು. ಪ್ರಭಾತ್ ಸ್ಟುಡಿಯೋದ ಹಳೆಯ ಆವರಣದಲ್ಲಿರುವ ಪುಣೆಯ ಚಲನಚಿತ್ರ ಸಂಸ್ಥೆಗೆ 1974ರಲ್ಲಿ ನಿರ್ದೇಶಕರಾಗಿ ಬರುವ ಮುನ್ನವೇ ಅವರು ದ.ರಾ. ಬೇಂದ್ರೆಯವರನ್ನು ಕುರಿತ ಚಿತ್ರವನ್ನು ಮಾಡಿದ್ದರು. ಕವಿಯ ಮನೆಮಾತು ಮರಾಠಿ, ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ನಿರ್ದೇಶಕರ ಮನೆಮಾತು ಕೊಂಕಣಿ. ಇಬ್ಬರೂ ಕನ್ನಡವನ್ನು ಆಯ್ದುಕೊಂಡವರು ಎಂಬುದು ಹೊರನಾಡಿನ ಓದುಗರಿಗೆ ಗಮನಾರ್ಹವೆನಿಸೀತು.

1980ರ ದಶಕದ ಕೊನೆಯಲ್ಲಿ ಬಂದ 'ಕನಕ ಪುರಂದರ'ವೂ ಅದರ ಬೆನ್ನಿಗೇ ಬಂದ 'ದ ಲ್ಯಾಂಪ್ ಇನ್ ದ ನಿಶ್' ಚಿತ್ರವೂ ರಾಷ್ಟ್ರಪ್ರಶಸ್ತಿ ಪಡೆದವು. ಶೂದ್ರ ಕನಕನನ್ನೂ ವರ್ತಕ ಮನೆತನದ ಪುರಂದರನನ್ನೂ ಒಂದೇ ಶೀರ್ಷಿಕೆಯಲ್ಲಿ ಸಮಾಸಗೊಳಿಸುವುದೇ ಒಂದು ವಿಮರ್ಶೆ. ಎರಡನೆಯದರ ವಸ್ತು ಸೂಫಿ ಪಂಥ. ಗೂಡಿನ ದೀಪವೆಂಬ ಅದರ ಹೆಸರು ಕುರಾನಿನ ಪ್ರತಿಮೆ.

ಅಯೋಧ್ಯೆಯ ವಿವಾದ ಕಾವೇರಿದ್ದ ವರ್ಷಗಳವು. ಆನಂದ ಪಟವರ್ಧನರು 'ರಾಮ್ ಕೆ ನಾಮ್' (1992) ಚಿತ್ರಕ್ಕಾಗಿ ಕ್ಯಾಮೆರಾ ಹೊತ್ತು ಬೀದಿಗೆ ನಡೆದರು; ಕಾರ್ನಾಡರು ಪರಂಪರೆಯತ್ತ ಹೊರಳಿದರು. ಇದನ್ನು ಪಲಾಯನವೆಂದು ನಾವು ಕರೆಯೆವು. ಆದರೂ ಸಮನ್ವಯವನ್ನು ಸಾಕ್ಷ್ಯಚಿತ್ರಕ್ಕೂ ಕಲ್ಯಾಣದ ರಕ್ತಪಾತವನ್ನು ಅದೇ ಕಾಲದ 'ತಲೆದಂಡ' (1990) ನಾಟಕಕ್ಕೂ ಅವರು ಹಂಚಿಕೊಟ್ಟಂತೆ ತೋರುತ್ತದೆ. ನಾಟಕವನ್ನು ಬಲ್ಲ ಪ್ರೇಕ್ಷಕನಿಗೆ ಆ ದೀಪದ ಬೆಳಕು ತುಸು ಅತಿ ಪ್ರಶಾಂತವೆನಿಸುತ್ತದೆ.