ಸಭ್ಯರ ಮನೆಯ ಪಾಠಗಳು: ಲಿಲಿಯನ್ ಸ್ಮಿತ್ ಮತ್ತು ದಕ್ಷಿಣದ ಬಿಳಿಯ ಆತ್ಮಸಾಕ್ಷಿ

ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯ ಕಾದಂಬರಿಕಾರರು ವರ್ಣಭೇದದ ಕುರಿತು ಬಾಯಿಮುಚ್ಚಿ ಕೂತವರಲ್ಲ. ವಿಲಿಯಂ ಫಾಕ್ನರ್ ಅವರ ‘ಲೈಟ್ ಇನ್ ಆಗಸ್ಟ್’ (1932), ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960), ವಿಲಿಯಂ ಸ್ಟೈರನ್ ಅವರ ‘ದಿ ಕನ್ಫೆಷನ್ಸ್ ಆಫ್ ನ್ಯಾಟ್ ಟರ್ನರ್’ (1967) ಹೀಗೆ ಹೆಸರಾಂತ ಕೃತಿಗಳ ಸಾಲೇ ಇದೆ. ಆದರೆ ಫಾಕ್ನರ್ ಅವರನ್ನು ಬಿಟ್ಟರೆ ಈ ಪರಂಪರೆ ಅನ್ಯಾಯವನ್ನು ಹೆಚ್ಚಾಗಿ ಕಂಡದ್ದು ನ್ಯಾಯಾಲಯದಲ್ಲಿ, ಪುಂಡರ ಗುಂಪಿನಲ್ಲಿ, ಕಳೆದುಹೋದ ಕಾಲದಲ್ಲಿ. ‘ಇದು ನಮ್ಮಂಥವರ ಮಾತಲ್ಲ’ ಎಂದು ಸಭ್ಯ ಓದುಗ ಜಾರಿಕೊಳ್ಳಲು ಅಲ್ಲೊಂದು ಸಂದು ಉಳಿದಿತ್ತು. ಆ ಸಂದನ್ನು ಮುಚ್ಚಿದವರು ಲಿಲಿಯನ್ ಸ್ಮಿತ್.

1897ರಲ್ಲಿ ಫ್ಲಾರಿಡಾದ ಜಾಸ್ಪರ್ ಎಂಬ ಊರಿನ ಅನುಕೂಲಸ್ಥ ಕುಟುಂಬದಲ್ಲಿ ಹುಟ್ಟಿದ ಸ್ಮಿತ್, ತಂದೆಯ ವ್ಯಾಪಾರ ಮುಳುಗಿದ ಮೇಲೆ ಜಾರ್ಜಿಯಾದ ಕ್ಲೇಟನ್‌ಗೆ ಬಂದರು. ಸಂಗೀತ ಕಲಿತು, ಮೂರು ವರ್ಷ ಚೀನಾದ ಮೆಥಡಿಸ್ಟ್ ಶಾಲೆಯೊಂದರಲ್ಲಿ ಕಲಿಸಿ, 1925ರಲ್ಲಿ ಮರಳಿ ತಂದೆಯ ಬಾಲಕಿಯರ ಬೇಸಿಗೆ ಶಿಬಿರದ ಹೊಣೆ ಹೊತ್ತರು. 1948ರವರೆಗೆ ನಡೆದ ಆ ಲಾರೆಲ್ ಫಾಲ್ಸ್ ಶಿಬಿರದಲ್ಲಿ ಸಿರಿವಂತ ಬಿಳಿಯರ ಹೆಣ್ಣುಮಕ್ಕಳು ಈಜು, ನಾಟಕಗಳ ಜೊತೆಗೆ ಮನೆಯಲ್ಲಿ ಯಾರೂ ಎತ್ತದ ಪ್ರಶ್ನೆಗಳನ್ನೂ ಚರ್ಚಿಸುತ್ತಿದ್ದರು. ಸಂಗಾತಿ ಪಾಲಾ ಸ್ನೆಲಿಂಗ್ ಜೊತೆ 1936ರಲ್ಲಿ ಆರಂಭಿಸಿದ ಪತ್ರಿಕೆ ಹೆಸರು ಬದಲಿಸುತ್ತಾ ‘ಸೌತ್ ಟುಡೇ’ ಆಯಿತು. ಕಪ್ಪು ಲೇಖಕರ ಬರಹಗಳಿಗೂ ಅದು ಜಾಗ ಕೊಟ್ಟಿತು.

1944ರ ‘ಸ್ಟ್ರೇಂಜ್ ಫ್ರೂಟ್’ ಅವರನ್ನು ದೇಶಕ್ಕೆಲ್ಲ ಪರಿಚಯಿಸಿತು. ಜಾರ್ಜಿಯಾದ ಮ್ಯಾಕ್ಸ್‌ವೆಲ್ ಎಂಬ ಕಲ್ಪಿತ ಪಟ್ಟಣದಲ್ಲಿ ಬಿಳಿಯ ಯುವಕ ಟ್ರೇಸಿ ಡೀನ್, ಕಾಲೇಜು ಓದಿದ ಕಪ್ಪು ಯುವತಿ ನಾನ್ನಿಯನ್ನು ಪ್ರೀತಿಸುತ್ತಾನೆ. ಅವಳು ಬಸುರಾದಾಗ, ದುಡ್ಡು ಕೊಟ್ಟು ತನ್ನ ಮನೆಯ ಕಪ್ಪು ಆಳು ಬಿಗ್ ಹೆನ್ರಿಗೆ ಅವಳನ್ನು ಕಟ್ಟಲು ಹೊರಡುತ್ತಾನೆ. ನಾನ್ನಿಯ ಅಣ್ಣ ಟ್ರೇಸಿಯನ್ನು ಕೊಲ್ಲುತ್ತಾನೆ; ಗುಂಪು ನಿರಪರಾಧಿ ಹೆನ್ರಿಯನ್ನು ಬಲಿ ತೆಗೆದುಕೊಳ್ಳುತ್ತದೆ. ಬಾಸ್ಟನ್‌ನಲ್ಲಿ ಅಶ್ಲೀಲವೆಂದು ಪುಸ್ತಕಕ್ಕೆ ನಿಷೇಧ ಬಿತ್ತು. ಅಂಚೆ ಇಲಾಖೆಯೂ ತಡೆಯೊಡ್ಡಿದಾಗ ಅಂದಿನ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ನಡುವೆ ಬಂದು ಅದನ್ನು ತೆಗೆಸಿದರು. ಕಾದಂಬರಿಯ ಶಕ್ತಿ ಇರುವುದು ಕೊಲೆಯ ವರ್ಣನೆಯಲ್ಲಲ್ಲ, ಕೊಲೆಗೆ ದಾರಿಮಾಡುವ ಮರ್ಯಾದಸ್ಥ ಮಾತುಗಳಲ್ಲಿ: ಮಗನನ್ನು ದಾರಿಗೆ ತರಲು ಹೆಣಗುವ ತಾಯಿ, ಪಾಪ ತೊಳೆದುಕೊಂಡು ಸಜಾತಿಯ ಹುಡುಗಿಯನ್ನು ಮದುವೆಯಾಗೆಂದು ಒತ್ತಾಯಿಸುವ ಧರ್ಮಪ್ರಚಾರಕ. ಇವರ್‍ಯಾರೂ ಕಲ್ಲೆಸೆದವರಲ್ಲ, ಆದರೂ ಹೆನ್ರಿಯ ಸಾವಿನಲ್ಲಿ ಎಲ್ಲರಿಗೂ ಪಾಲಿದೆ.

ಈ ಒಳನೋಟ ಪೂರ್ತಿ ಹರಳುಗಟ್ಟಿದ್ದು 1949ರ ಗದ್ಯಕೃತಿ ‘ಕಿಲ್ಲರ್ಸ್ ಆಫ್ ದಿ ಡ್ರೀಮ್’ನಲ್ಲಿ. ಅಲ್ಲಿ ಒಂದು ಬಾಲ್ಯದ ಪ್ರಸಂಗವಿದೆ. ಕಪ್ಪು ಕುಟುಂಬದ ಜೊತೆಗಿದ್ದ ಬೆಳ್ಳಗಿನ ಹುಡುಗಿಯೊಬ್ಬಳನ್ನು ಊರ ಹೆಂಗಸರು ‘ರಕ್ಷಿಸಿ’ ಸ್ಮಿತ್ ಮನೆಗೆ ತರುತ್ತಾರೆ. ಇಬ್ಬರು ಮಕ್ಕಳೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ, ಆಡುತ್ತಾರೆ. ಅವಳು ಕಪ್ಪು ಮೂಲದವಳೆಂದು ತಿಳಿದೊಡನೆ ವಾಪಸು ಕಳಿಸಲಾಗುತ್ತದೆ. ಮಗಳ ‘ಯಾಕೆ?’ಗೆ ತಾಯಿಯಲ್ಲಿ ಉತ್ತರವಿಲ್ಲ. ದೇವರ ಭಯ, ದೇಹದ ನಾಚಿಕೆ, ಚರ್ಮದ ಹೆಮ್ಮೆ ಈ ಮೂರನ್ನೂ ಮಗು ಒಂದೇ ಪಾಠವಾಗಿ, ಅದೂ ಪ್ರೀತಿಸುವವರ ಬಾಯಿಂದಲೇ ಕಲಿಯುತ್ತದೆ ಎಂಬುದು ಸ್ಮಿತ್ ವಾದ. ಇದೇ ಪುಸ್ತಕ ಸಿರಿವಂತ ಬಿಳಿಯನಿಗೂ ಬಡ ಬಿಳಿಯನಿಗೂ ನಡುವಿನ ಒಪ್ಪಂದವನ್ನೂ ಬಯಲಿಗೆಳೆಯುತ್ತದೆ: ದುಡ್ಡು, ಕೂಲಿ ನನ್ನ ಕೈಯಲ್ಲಿರಲಿ, ಕಪ್ಪುಜನರ ಮೇಲಿನ ದರ್ಪ ನಿನಗಿರಲಿ ಎನ್ನುತ್ತಾನೆ ಸಿರಿವಂತ. ಮನಸ್ಸಿನ ರೋಗವನ್ನು ಹೇಳುತ್ತಲೇ ಅದರ ಹಿಂದಿನ ಲಾಭದ ಲೆಕ್ಕವನ್ನೂ ಅವರು ಮರೆಯಲಿಲ್ಲ.

ಫಾಕ್ನರ್ ಜೊತೆಗಿನ ಹೋಲಿಕೆ ಇಲ್ಲಿ ಅನಿವಾರ್ಯ. ಕಲೆಗಾರಿಕೆಯಲ್ಲಿ ಸ್ಮಿತ್ ಫಾಕ್ನರ್ ಅವರ ಹತ್ತಿರ ಸುಳಿಯುವುದಿಲ್ಲ. ಸ್ಮಿತ್ ಗದ್ಯ ಹಲವೆಡೆ ಉಪದೇಶಕ್ಕೆ ತಿರುಗುತ್ತದೆ, ಪಾತ್ರಗಳು ವಾದದ ಭಾರಕ್ಕೆ ಬಾಗುತ್ತವೆ. ಆದರೆ 1954ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿನ ಪ್ರತ್ಯೇಕತೆ ಸಂವಿಧಾನಬಾಹಿರವೆಂದ ಮೇಲೆ ಸ್ಮಿತ್ ‘ನೌ ಈಸ್ ದಿ ಟೈಮ್’ (1955) ಬರೆದರೆ, ಫಾಕ್ನರ್ 1956ರಲ್ಲಿ ‘ಲೈಫ್’ ಪತ್ರಿಕೆಯ ಮೂಲಕ ಉತ್ತರದವರಿಗೆ ನಿಧಾನಿಸಿ ಎಂದರು. ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ ಅದಕ್ಕೆ ಖಾರವಾಗಿಯೇ ಉತ್ತರ ಕೊಟ್ಟರು. ಕಾದಂಬರಿಯ ಆಳ ಸಾರ್ವಜನಿಕ ಧೈರ್ಯದ ಖಾತರಿಯಲ್ಲ. ಸ್ಮಿತ್ ತಮ್ಮ ನಿಲುವಿಗೆ ಬೆಲೆಯನ್ನೂ ತೆತ್ತರು: 1955ರಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಹಸ್ತಪ್ರತಿಗಳೂ ಪತ್ರಗಳೂ ಬೂದಿಯಾದವು.

ಮಿತಿಗಳೂ ಚಿಕ್ಕವಲ್ಲ. ಓದಿದ ನಾನ್ನಿ ಕಾದಂಬರಿಯುದ್ದಕ್ಕೂ ಮೌನವಾಗಿ ಕಾಯುತ್ತಾಳೆ. ಅವಳ ಮನಸ್ಸಿಗಿಂತ ಟ್ರೇಸಿಯ ತೊಳಲಾಟಕ್ಕೇ ಹೆಚ್ಚು ಪುಟಗಳು. ಶಿಬಿರದ ಸಂವಾದದಲ್ಲಿ ಕಪ್ಪು ಹುಡುಗಿಯರೇ ಇರಲಿಲ್ಲ. 1966ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ‘ಕೋರ್’ ಕಪ್ಪು ಶಕ್ತಿಯ ಘೋಷಣೆಯತ್ತ ಹೊರಳಿದಾಗ ಅವರು ಅದಕ್ಕೆ ರಾಜೀನಾಮೆ ಕೊಟ್ಟರು. ಕಪ್ಪುಜನ ತಮ್ಮದೇ ಷರತ್ತಿನಲ್ಲಿ ಮಾತಾಡತೊಡಗಿದಾಗ ಸಂವಾದದ ಈ ಪ್ರತಿಪಾದಕಿಗೂ ಹೊಂದಿಕೊಳ್ಳುವುದು ಕಷ್ಟವಾಯಿತು. ಕ್ಯಾನ್ಸರ್ ಅದೇ ವರ್ಷ ಅವರನ್ನು ಕೊಂಡೊಯ್ದಿತು. ದಕ್ಷಿಣದ ಕಪ್ಪು ಬದುಕನ್ನು ಒಳಗಿನಿಂದ ತಿಳಿಯಲು ಜೋರಾ ನೀಲ್ ಹರ್ಸ್ಟನ್, ರಿಚರ್ಡ್ ರೈಟ್, ಅರ್ನೆಸ್ಟ್ ಗೇನ್ಸ್ ಅವರ ಬಳಿಗೇ ಹೋಗಬೇಕು.

ಆದರೂ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ, ಮಿತವಾದಿ ಬಿಳಿಯರ ಮೇಲಿನ ನಿರಾಶೆಯ ನಡುವೆಯೂ ಅಪವಾದವಾಗಿ ಹೆಸರಿಸಿದ ಕೆಲವೇ ಬಿಳಿಯ ದಕ್ಷಿಣದವರಲ್ಲಿ ಸ್ಮಿತ್ ಒಬ್ಬರು. 1960ರ ಮೇ ತಿಂಗಳಲ್ಲಿ ಅವರನ್ನು ಆಸ್ಪತ್ರೆಗೆ ಬಿಡಲು ಹೊರಟಿದ್ದ ಕಿಂಗ್ ಅವರ ಕಾರನ್ನು ಪೊಲೀಸರು ತಡೆದಿದ್ದರು. ಪಕ್ಕದಲ್ಲಿ ಬಿಳಿಯ ಹೆಂಗಸು ಕೂತದ್ದೇ ಸಾಕಾಗಿತ್ತು. ಆ ಪ್ರಕರಣದ ನೆಪದಲ್ಲೇ ಅಕ್ಟೋಬರಿನಲ್ಲಿ ಕಿಂಗ್ ಅವರಿಗೆ ಜೈಲಾಯಿತು. ಬಿಳಿಯ ಲೇಖಕರ ಪರಂಪರೆ ಕಪ್ಪುಜನರ ಪರವಾಗಿ ಮಾತಾಡಲು ಹೋದಲ್ಲೆಲ್ಲ ಎಡವಿದೆ, ಸ್ಮಿತ್ ಕೂಡ. ತನ್ನವರನ್ನು ತನ್ನವರ ಮುಂದೆಯೇ ವಿಚಾರಣೆಗೆ ನಿಲ್ಲಿಸಿದಾಗ ಅದು ಬೇರೆ ಯಾರೂ ಮಾಡಲಾಗದ ಕೆಲಸ ಮಾಡಿದೆ. ಆ ಕೆಲಸದಲ್ಲಿ ಸ್ಮಿತ್ ಅವರಷ್ಟು ನಿರ್ದಾಕ್ಷಿಣ್ಯವಾಗಿ ನಡೆದುಕೊಂಡವರು ಅವರ ಪೀಳಿಗೆಯಲ್ಲಿ ವಿರಳ.